ವಿಮಾನ ಹೊರಡುವ ಮುಂಚಿನ ಒಂದು ಲೋಟ

ನನ್ನಕ್ಕನನ್ನು ಕೆಲಸದ ಕಡೆ ಎಲ್ಲರೂ ಜ್ಯೂಸಕ್ಕ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನನಗೆ ಅದು ಗೊತ್ತಾದದ್ದು ನನ್ನ ಹೊಲಿಗೆ ಅಂಗಡಿಯಲ್ಲಿ. ಅಂಗಡಿ ಎಂದರೆ ದೊಡ್ಡದೇನಲ್ಲ. ಅಮ್ಮ, ಅಕ್ಕ, ನಾನು ಇದ್ದ ಮನೆಯ ಮುಂದಿನ ಕೋಣೆ ಅಷ್ಟೆ. ಒಂದು ಹೊಲಿಗೆ ಯಂತ್ರ, ಒಂದು ಆಳೆತ್ತರದ ಕನ್ನಡಿ, ಬಟ್ಟೆ ಬದಲಿಸಲು ಮೂಲೆಯಲ್ಲೊಂದು ಪರದೆ. ಅಕ್ಕ ಗಗನಸಖಿಯಾಗಿದ್ದರಿಂದ ಅವಳ ಕಂಪನಿಯ ಹುಡುಗಿಯರೆಲ್ಲ ಸಮವಸ್ತ್ರ ಬಿಗಿ ಮಾಡಿಸಲು, ಸಡಿಲ ಮಾಡಿಸಲು ನನ್ನ ಹತ್ತಿರವೇ ಬರುತ್ತಿದ್ದರು. ಪರದೆಯ ಹಿಂದೆ ನಿಂತರೆ ಮಾತು ಹೊರಗೆ ಕೇಳುವುದಿಲ್ಲ ಎಂದು ಯಾಕೆ ತಿಳಿದುಕೊಳ್ಳುತ್ತಾರೋ ಜನ! "ಇವತ್ತು ಜ್ಯೂಸಕ್ಕನ ಜೊತೆ ಡ್ಯೂಟಿ ಕಣೇ, ಸತ್ತೆ ನಾನು" ಎಂದಳು ಒಬ್ಬಳು. ಇನ್ನೊಬ್ಬಳು ಕಿಸಕ್ಕನೆ ನಕ್ಕಳು. ಆ ಮಾತಾಡಿದವಳ ಸ್ಕರ್ಟನ್ನು ನಾನು ಬೇಕೆಂದೇ ಒಂದು ಬೆರಳು ಬಿಗಿಯಾಗಿ ಹೊಲಿದು ಕಳಿಸಿದೆ. ಇಡೀ ದಿನ ಉಸಿರು ಬಿಗಿಹಿಡಿದುಕೊಂಡು ಓಡಾಡಲಿ ಎಂದು.

ಜ್ಯೂಸಿನ ವಿಷಯ ಇಷ್ಟು. ವಿಮಾನದ ಮುಂದಿನ ಭಾಗದಲ್ಲಿ ಅಗಲ ಸೀಟಿನವರು ಕೂರುತ್ತಾರೆ. ಅವರು ಹತ್ತಿ ಕುಳಿತ ಮೇಲೆ, ವಿಮಾನ ಅಲುಗಾಡುವ ಮುಂಚೆ, ಕುಡಿಯಲು ಏನಾದರೂ ಒಂದು ಲೋಟ ಕೊಡುವುದು ಪದ್ಧತಿ. ಕಂಪನಿಯ ನಿಯಮದಲ್ಲಿ ಇದ್ದದ್ದು ಒಂದೇ ಮಾತು, ಸಮಯವಿದ್ದರೆ ಕೊಡುವುದು. ಸಮಯವಿದೆಯೋ ಇಲ್ಲವೋ ಹೇಳುವವರು ಯಾರು? ಆ ದಿನ ಮುಂದಿನ ಬಾಗಿಲ ಹತ್ತಿರ ನಿಂತವಳು. ಇನ್ನು ಏನು ಕೊಡುವುದು ಎನ್ನುವುದು ಬೇರೆ ತಲೆನೋವು. ಒಂದು ಊರಿನಲ್ಲಿ ವೈನ್ ಕೊಡುತ್ತಾರೆ. ಇನ್ನೊಂದು ಊರಿನಲ್ಲಿ ವಿಮಾನ ನೆಲದ ಮೇಲಿರುವಾಗ ಮದ್ಯದ ಪೆಟ್ಟಿಗೆಯ ಸೀಲ್ ಒಡೆಯುವ ಹಾಗಿಲ್ಲ, ಜ್ಯೂಸ್ ಮಾತ್ರ. ಮತ್ತೊಂದು ಕಡೆ ಗಾಜಿನ ಲೋಟವೇ ಬಂದಿರುವುದಿಲ್ಲ, ಪೇಪರ್ ಕಪ್ಪಿನಲ್ಲಿ ನೀರು. ಟಿಕೆಟ್ ತೆಗೆದುಕೊಂಡವರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ಅವರಿಗೆ ಗೊತ್ತಿರುವುದು ಒಂದೇ ಮಾತು. "ಹೋದ ವಾರ ಕೊಟ್ಟಿದ್ರಲ್ಲ!"

ಅಕ್ಕನ ಜೊತೆಗೇ ಕೆಲಸಕ್ಕೆ ಸೇರಿದ ಒಬ್ಬಳಿದ್ದಳು. ಅವಳಿಗೆ ಗಡಿಯಾರ ಎಂದು ಹೆಸರು. ಯಾರು ಏನು ಕೇಳಿದರೂ ಮಣಿಕಟ್ಟು ನೋಡಿಕೊಂಡು "ಸಾರಿ, ಟೈಮಿಲ್ಲ" ಎನ್ನುವವಳು. ವಿಮಾನ ಒಂದು ಗಂಟೆ ನಿಂತಲ್ಲೇ ನಿಂತಿದ್ದರೂ ಅವಳಿಗೆ ಟೈಮಿಲ್ಲ. ಅವಳ ಜೊತೆ ಡ್ಯೂಟಿ ಬಿದ್ದರೆ ಹುಡುಗಿಯರಿಗೆ ಹಬ್ಬ, ಕಾಲು ಚಾಚಿಕೊಂಡು ಇರಬಹುದು. ಅಕ್ಕ ಹಾಗಲ್ಲ. ಅಷ್ಟು ಜನ ಹತ್ತುತ್ತಿರುವಾಗಲೇ ಒಂದು ಕೈಯಲ್ಲಿ ಬ್ಯಾಗು ಮೇಲೆ ಎತ್ತಿಡುತ್ತ ಇನ್ನೊಂದು ಕೈಯಲ್ಲಿ ಟ್ರೇ ಹಿಡಿದಿರುತ್ತಿದ್ದಳು. "ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದರೆ, "ಎಲ್ಲಿಂದೆಲ್ಲಿಂದಲೋ ಓಡಿ ಬಂದಿರ್ತಾರೆ ಕಣೇ. ಕೂತ ತಕ್ಷಣ ಒಂದು ಲೋಟ ಕೈಗೆ ಸಿಕ್ಕರೆ ಮುಖ ಹೇಗೆ ಸಡಿಲ ಆಗುತ್ತೆ, ನೀನು ನೋಡ್ಬೇಕು" ಎನ್ನುವಳು.

ನೋಡಿದ್ದೇನೆ. ಒಂದೇ ಸಲ ಅವಳ ವಿಮಾನದಲ್ಲಿ ಹೋಗಿದ್ದೆ, ಸಿಬ್ಬಂದಿಯ ಮನೆಯವರಿಗೆ ಕೊಡುವ ಟಿಕೆಟಿನಲ್ಲಿ, ಕೊನೆಯ ಸಾಲಿನಲ್ಲಿ, ಶೌಚಾಲಯದ ಗೋಡೆಗೆ ಬೆನ್ನು ಕೊಟ್ಟುಕೊಂಡು. ಮುಂದೆ ಪರದೆಯ ಸಂದಿಯಲ್ಲಿ ಅಕ್ಕ ನಗುನಗುತ್ತ ಲೋಟ ಹಂಚುತ್ತಿದ್ದಳು. ನಮ್ಮ ಕಡೆ ನೀರೂ ಇಲ್ಲ. ಹಿಂದಿನವರಿಗೆ ಮೇಲೆ ಹಾರಿದ ಮೇಲೇ ಏನಿದ್ದರೂ. ನನ್ನ ಪಕ್ಕದ ಮುದುಕರು ಮಾತ್ರೆ ನುಂಗಬೇಕು ಎಂದು ನೀರು ಕೇಳಿದರು. ಹಿಂದಿನ ಹುಡುಗಿ ಆಗುವುದಿಲ್ಲ ಎಂದಳು. ಅದು ಹೇಗೆ ಕಿವಿಗೆ ಬಿತ್ತೋ, ಅಕ್ಕ ಅಷ್ಟು ದೂರದಿಂದ ಒಂದು ಲೋಟ ಹಿಡಿದು ಬಂದಳು. ಅಷ್ಟೇ ಸಾಕಾಯಿತು. "ನಮಗೂ ಕೊಡಿ", "ಮಗುವಿಗೆ ಬೇಕು", "ಅವರಿಗೆ ಮಾತ್ರ ಯಾಕೆ?" ಎಂದು ಎಂಟು ಕಡೆಯಿಂದ ಕೈ ಮೇಲೆದ್ದವು. ಅಕ್ಕ ಎಲ್ಲರಿಗೂ ಕೈಮುಗಿಯುವ ಹಾಗೆ ನಕ್ಕು ಮುಂದಕ್ಕೆ ಓಡಿದಳು. ಒಬ್ಬ, "ಸರ್ವಿಸ್ಸೇ ಸರಿಯಿಲ್ಲ ಇವರದ್ದು" ಎಂದು ಗೊಣಗಿದ. ನೀರು ಕುಡಿದ ಮುದುಕರೂ "ಹೌದು ಹೌದು" ಎಂದು ತಲೆಯಾಡಿಸಿದರು. ನನಗೆ ಆ ಲೋಟ ಕಿತ್ತುಕೊಳ್ಳಬೇಕು ಅನ್ನಿಸಿತು.

ಅಕ್ಕನಿಗೆ ಮದುವೆಯಾಗಲಿಲ್ಲ. ವಯಸ್ಸಿದ್ದಾಗ ಕಂಪನಿ ಬೇಡ ಎಂದಿತು, ಆಮೇಲೆ ನೋಡಲು ಬಂದವರು ಬೇಡ ಎಂದರು. ನಾನು ಮದುವೆಯಾಗಿ ಗಂಡನನ್ನು ಬಿಟ್ಟು ಬಂದವಳು. ಆ ಮನುಷ್ಯನ ಮಾತೆತ್ತಿದರೆ ನನಗೆ ಹೊಲಿಗೆ ತಪ್ಪುತ್ತದೆ, ಬೇಡ. ಅಮ್ಮನಿಗೆ ಸೊಂಟ ಹಿಡಿದು ಓಡಾಟ ಕಡಿಮೆ. ಹೀಗೆ ಮೂರು ಹೆಂಗಸರ ಮನೆ ಅಕ್ಕನ ಬೆನ್ನ ಮೇಲೆ ನಿಂತಿತ್ತು. ಆ ಬೆನ್ನೂ ಸೋತಿತ್ತು. ವಿಮಾನ ಏರಿ ಇಳಿದು ಎಡಗಿವಿ ಅರ್ಧ ಕೇಳುತ್ತಿರಲಿಲ್ಲ. ಮನೆಗೆ ಬಂದರೆ ಬೂಟು ಬಿಚ್ಚಿ ಕಾಲನ್ನು ಗೋಡೆಗೆ ಎತ್ತಿಟ್ಟುಕೊಂಡು ಮಲಗುತ್ತಿದ್ದಳು. ಬಾತ ಪಾದ ನೋಡಿ ಅಮ್ಮ, "ಆಕಾಶದಲ್ಲಿ ಹೋಗೋಳಿಗೆ ಕಾಲ್ಯಾಕೆ ನೋಯ್ಬೇಕೋ" ಎನ್ನುವಳು. ತಮಾಷೆಗೆ ಅನ್ನುತ್ತಿದ್ದಳೋ ನಿಜಕ್ಕೂ ಅರ್ಥವಾಗಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಕಂಪನಿಯಲ್ಲಿ ನಲವತ್ತೈದು ದಾಟಿದರೆ ಹಾರಾಟ ಇಲ್ಲ. ಮನೆಗೆ ಹೋಗಬೇಕು, ಇಲ್ಲವೇ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಪಾಠ ಹೇಳುವ ಕೆಲಸ ಸಿಗಬೇಕು. ಆ ಸಲ ಇದ್ದದ್ದು ಒಂದೇ ಜಾಗ. ವಯಸ್ಸು ಮುಗಿಯುತ್ತಿದ್ದವರು ಇಬ್ಬರು, ಅಕ್ಕ ಮತ್ತು ಗಡಿಯಾರ. ಪಾಠ ಚೆನ್ನಾಗಿ ಹೇಳಿದವರಿಗೆ ಕೆಲಸ, ಆದರೆ ದೂರು ಹೆಚ್ಚಿರಬಾರದು ಎಂದರು. ಅಕ್ಕನ ಮೇಲೆ ಆಗಲೇ ಎರಡಿದ್ದವು. ಮೂರನೆಯದು ಬಂದರೆ ಹೆಸರೇ ಹೊಡೆದುಹಾಕುತ್ತೇವೆ ಎಂದು ಕರೆದು ಹೇಳಿದ್ದರು.

ಆ ಎರಡು ದೂರು ಯಾವುವು ಕೇಳಿ. ಮೊದಲನೆಯದು, ಲೋಟ ಕೊಡಲಿಲ್ಲ ಎಂದು. ಆ ದಿನ ಜನ ತಡವಾಗಿ ಹತ್ತಿದ್ದರು. ನಿಜವಾಗಿ ಸಮಯವಿರಲಿಲ್ಲ. ಆಫೀಸಿನವರು, "ಬೇರೆ ದಿನ ಕೊಡೋಕೆ ಆಗುತ್ತೆ, ಅವತ್ತೇನಾಗಿತ್ತು?" ಎಂದರು. ಎರಡನೆಯದು, ಕೊಟ್ಟಳು ಎಂದು. ಲೋಟ ವಾಪಸು ತೆಗೆದುಕೊಳ್ಳುವ ಮುಂಚೆ ವಿಮಾನ ಅಲುಗಾಡಿ ಒಬ್ಬರ ಮಡಿಲಿಗೆ ಜ್ಯೂಸ್ ಚೆಲ್ಲಿತು. "ಸಮಯ ಇಲ್ಲದಿದ್ದಾಗ ಯಾಕೆ ಕೊಟ್ರಿ?" ಎಂದರು. ಗಡಿಯಾರದ ಮೇಲೆ ಒಂದು ದೂರೂ ಇರಲಿಲ್ಲ. ಯಾವತ್ತೂ ಕೊಡದವಳ ಹತ್ತಿರ ಯಾರು ತಾನೇ ಕಾಯುತ್ತಾರೆ? "ಅವಳ ಹಾಗೆ ಇದ್ದುಬಿಡು. ನಮ್ಮಪ್ಪನ ಮನೆ ಗಂಟೇನು ಹೋಗುತ್ತೆ?" ಎಂದು ನಾನು ಬಾಯಿ ಬಡಿದುಕೊಂಡೆ. "ಇಷ್ಟು ವರ್ಷ ಕೊಟ್ಟು ಈಗ ನಿಲ್ಲಿಸಿದರೆ ಅದಕ್ಕೇ ದೂರು ಬರುತ್ತೆ" ಎಂದಳು ಅಕ್ಕ. ಅದೂ ನಿಜವೇ. ಹೇಗೆ ಹೊರಳಿದರೂ ಮುಳ್ಳು.

ಆದರೂ ಆ ಕೆಲಸದ ಮೇಲೆ ಅವಳಿಗೆ ಪ್ರಾಣ. ರಜೆಯ ದಿನ ನನ್ನ ಕನ್ನಡಿಯ ಮುಂದೆ ನಿಂತು ಪಾಠ ಹೇಳುವ ಅಭ್ಯಾಸ ಮಾಡುತ್ತಿದ್ದಳು. ಅಮ್ಮನೇ ವಿದ್ಯಾರ್ಥಿ, ಬಟ್ಟೆಯ ಬೀರುವೇ ವಿಮಾನದ ಬಾಗಿಲು. ವಿಮಾನದ ಬಾಗಿಲ ಪಕ್ಕದಲ್ಲಿ ಒಂದು ಹಿಡಿ ಇರುತ್ತದಂತೆ. ಅದು ಮೇಲಿದ್ದರೆ ಮಾಮೂಲಿ ಬಾಗಿಲು. ಹೊರಡುವಾಗ ಅದನ್ನು ಕೆಳಗೆ ತಳ್ಳುತ್ತಾರೆ. ಆಮೇಲೆ ಬಾಗಿಲು ತೆರೆದರೆ ಒಳಗೆ ಮಡಚಿಟ್ಟಿರುವ ಗಾಳಿಯ ಜಾರುಬಂಡೆ ಭುಸ್ಸೆಂದು ಉಬ್ಬಿ ಹೊರಗೆ ಹಾರುತ್ತದೆ, ಬೆಂಕಿ ಬಿದ್ದರೆ ಜನ ಜಾರಿಕೊಂಡು ಹೋಗಲಿ ಎಂದು. ಹಾಗಾಗಿ ಸುಮ್ಮನೆ ಬಾಗಿಲು ತೆರೆಯಬೇಕಾದರೆ ಮೊದಲು ನಿಲ್ಲಬೇಕು, ಬಾಯಿಬಿಟ್ಟು ಹೇಳಬೇಕು, ಹಿಡಿ ಮೇಲೆತ್ತಬೇಕು, ಇನ್ನೊಬ್ಬರು ಬಂದು ನೋಡಿ ಸರಿ ಎನ್ನಬೇಕು. "ಈಗ ಬಾಗಿಲು ತೆರೀಬೇಕು. ಕೈ ಎಲ್ಲಿರ್ಬೇಕಮ್ಮ?" ಎಂದು ಅಕ್ಕ ಕೇಳಿದರೆ ಅಮ್ಮ, "ಸೊಂಟದ ಮೇಲೆ, ಇನ್ನೆಲ್ಲಿ?" ಎಂದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎದುರು ಮನೆಯವರಿಗೆಲ್ಲ ಅಮ್ಮ ಆಗಲೇ ಸಾರಿಬಿಟ್ಟಿದ್ದಳು, "ನಮ್ಮ ದೊಡ್ಡೋಳು ಇನ್ಮೇಲೆ ಟೀಚರ್ರು."

ಅದು ಆದದ್ದು ಒಂದು ಬೆಳಗ್ಗೆ. ಅಕ್ಕನ ಹಾರಾಟ ಮುಗಿಯಲು ಕೆಲವೇ ವಾರ ಉಳಿದಿತ್ತು. ಅವಳ ಜೊತೆ ಮುಂದಿನ ಬಾಗಿಲಿಗೆ ಇದ್ದವಳು ಗಿಣಿ. ಘೋಷಣೆಗಳನ್ನು ಮುದ್ದಾಗಿ ಉಲಿಯುತ್ತಾಳೆ ಎಂದು ಆ ಹೆಸರು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಅಕ್ಕನನ್ನು ಹಿಂದೆಯೂ ಮುಂದೆಯೂ ಅಕ್ಕ ಎಂದೇ ಕರೆಯುತ್ತಿದ್ದವಳು ಅವಳೊಬ್ಬಳು. ಅದಕ್ಕೇ ಅವಳ ಬಟ್ಟೆ ನಾನು ಸರಿಯಾಗಿ ಹೊಲಿಯುತ್ತಿದ್ದೆ.

ಜನ ಹತ್ತಿದ್ದು ತಡವಾಗಿತ್ತು. ಅಕ್ಕ ಯೋಚಿಸಿ, ಸಮಯವಿಲ್ಲ ಎಂದು ತೀರ್ಮಾನಿಸಿ, ಮೊದಲ ಸಾಲಿನವನಿಗೆ ಮೇಲೆ ಹೋದ ಮೇಲೆ ಕೊಡುತ್ತೇನೆ ಎಂದಳು. ಆತ ಫೋನು ತೆಗೆದು ಒಂದು ಫೋಟೋ ತೋರಿಸಿದ. ಅದೇ ಸೀಟು, ಅದೇ ಕಿಟಕಿ, ಕೈಯಲ್ಲಿ ತುಂಬಿದ ಲೋಟ. "ಇದು ಹೋದ ವಾರ. ಇದೇ ವಿಮಾನ. ಇವತ್ತೇನು ಸ್ಪೆಷಲ್ಲು?" ಎಂದ. ಆಮೇಲೆ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ಫೋನಿನಲ್ಲಿ ಟೈಪು ಮಾಡತೊಡಗಿದ. ಅಕ್ಕ ಬಾಗಿಲು ಮುಚ್ಚಿ ಹಿಡಿ ಕೆಳಗೆ ತಳ್ಳಿದಳು. ಗಿಣಿ ನೋಡಿ ಸರಿ ಎಂದಳು. ಅಷ್ಟರಲ್ಲಿ ಕ್ಯಾಪ್ಟನ್ನು, ದಾರಿ ಬಿಟ್ಟಿಲ್ಲ, ಸ್ವಲ್ಪ ಹೊತ್ತು ಕಾಯಬೇಕು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮೊದಲ ಸಾಲಿನವನು ಟೈಪು ಮಾಡುವುದು ನಿಲ್ಲಿಸಿ ಹುಬ್ಬು ಹಾರಿಸಿದ. "ಈಗ ಸಮಯ ಇದೆಯಲ್ಲ?"

ಏನು ಮಾಡಬೇಕಿತ್ತು ಹೇಳಿ. ಕೊಡದಿದ್ದರೆ ಮೂರನೆಯ ದೂರು ಅವನ ಬೆರಳ ತುದಿಯಲ್ಲಿ ಕೂತಿದೆ. ಅಕ್ಕ ಕೊಟ್ಟಳು. ಅವನೊಬ್ಬನಿಗೇ ಕೊಡಲಾಗುತ್ತದೆಯೇ, ಎಲ್ಲರಿಗೂ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಫೋನು ಜೇಬಿಗೆ ಹಾಕಿಕೊಂಡನಂತೆ. ಅಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಇನ್ನು ಲೋಟಗಳನ್ನು ಬೇಗ ವಾಪಸು ತರಬೇಕು, ಇಲ್ಲದಿದ್ದರೆ ಮತ್ತೆ ಯಾರದೋ ಮಡಿಲಿಗೆ ಚೆಲ್ಲುತ್ತದೆ. "ಹೋಗೇ, ಬೇಗ ಬೇಗ ತಗೊಂಡು ಬಾ" ಎಂದು ಗಿಣಿಯನ್ನು ಸಾಲುಗಳ ನಡುವೆ ಓಡಿಸಿದಳು. ಅಕ್ಕನ ಕೈಯಲ್ಲೂ ಒಂದು ಟ್ರೇ ತುಂಬ ಖಾಲಿ ಲೋಟ.

ಆಗ ಹೊರಗಿನಿಂದ ಬಾಗಿಲು ತಟ್ಟಿದರು. ಮೆಟ್ಟಿಲು ಇನ್ನೂ ತೆಗೆದಿರಲಿಲ್ಲ. ನೆಲದ ಮೇಲೆ ಕೆಲಸ ಮಾಡುವ ಒಬ್ಬನಿಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಸುವುದು ಮರೆತುಹೋಗಿತ್ತು. ಅಕ್ಕ ಟ್ರೇಯನ್ನು ಎಡಗೈಗೆ ಬದಲಿಸಿದಳು, ಬಲಗೈಯಲ್ಲಿ ಬಾಗಿಲು ತೆರೆದಳು. ಬಚ್ಚಲುಮನೆಯ ಬಾಗಿಲು ತೆರೆಯುವಾಗಲೂ ಒಂದು ಗಳಿಗೆ ನಿಂತು ನೋಡುತ್ತಿದ್ದವಳು, ಆ ಹೊತ್ತು ನಿಲ್ಲಲಿಲ್ಲ.

ಭುಸ್ಸೆಂದ ಆ ಸದ್ದಿಗೆ ಹಿಂದೆ ಕೂತಿದ್ದ ಮಕ್ಕಳು ಚೀರಿದವಂತೆ. ಬಿಳಿಯ ಜಾರುಬಂಡೆ ಮೆಟ್ಟಿಲ ಮೇಲೆಯೇ ಉಬ್ಬಿ ಬಿತ್ತು. ಕಾಗದ ಹಿಡಿದಿದ್ದವನು ಪಕ್ಕಕ್ಕೆ ಹಾರಿಕೊಂಡಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಅವನ ಪುಣ್ಯ, ನಮ್ಮದೂ. ವಿಮಾನ ರದ್ದಾಯಿತು. ಎಲ್ಲರನ್ನೂ ಹಿಂದಿನ ಬಾಗಿಲಿನಿಂದ ಇಳಿಸಿದರು. ಅಕ್ಕ ಟ್ರೇ ಹಿಡಿದುಕೊಂಡೇ ನಿಂತಿದ್ದಳಂತೆ, ಯಾರೋ ಬಂದು ಬಿಡಿಸಿಕೊಳ್ಳುವ ತನಕ. ಒಂದು ಲೋಟವೂ ಬಿದ್ದಿರಲಿಲ್ಲ.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಒಳಗೆ ಬಿಡಲಿಲ್ಲ. ಹೊರಗಿನ ಕಾರಿಡಾರಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಒಳಗಿನಿಂದ ಧ್ವನಿ ಎತ್ತರವಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಒಳಗೆ ನಡೆದದ್ದನ್ನು ಬಸ್ಸಿನಲ್ಲಿ ಅಕ್ಕ ಒಂದೊಂದಾಗಿ ಹೇಳಿದಳು.

"ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಟ್ರೇ ಯಾಕಿತ್ತು?" ಎಂದು ಕೇಳಿದರಂತೆ.

"ಲೋಟ ವಾಪಸು ತಗೊಳ್ತಿದ್ದೆ ಸರ್."

"ಕೊಡೋಕೆ ಸಮಯ ಇದೆ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಸರ್. ಇಲ್ಲ ಅಂತಾನೂ ಯಾರೂ ಹೇಳಿಲ್ಲ."

"ಇದು ಉದ್ಧಟತನ."

"ಅಲ್ಲ ಸರ್. ಬಾಗಿಲು ತೆರೆದದ್ದು ನಾನೇ. ಅದು ನನ್ನದೇ ತಪ್ಪು."

ಪಕ್ಕದಲ್ಲಿ ನಿಂತು ನೋಡಬೇಕಾದವಳು ಎಲ್ಲಿದ್ದಳು ಎಂದೂ ಕೇಳಿದರು. ಅವಳನ್ನು ಕಳಿಸಿದ್ದೂ ನಾನೇ ಎಂದಳು ಅಕ್ಕ. ಗಿಣಿಯ ಕೂದಲೂ ಕೊಂಕಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಆ ಫೋನಿನವನ ವಿಷಯ ಹೇಳಿದ್ಯಾ? ಆ ಎರಡು ದೂರಿನ ವಿಷಯ ಹೇಳಿದ್ಯಾ?" ಎಂದು ಬಸ್ಸಿನಲ್ಲೇ ಕೂಗಾಡಿದೆ. ಮುಂದೆ ಕೂತವರು ತಿರುಗಿ ನೋಡಿದರು. "ಹೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತಾ?" ಎಂದಳು ಅಕ್ಕ. ಮೇಜಿನಾಚೆ ಕೂತಿದ್ದ ಮೂವರ ಮುಂದೆಯೂ ನೀರಿನ ಬಾಟಲಿ ಇತ್ತಂತೆ. ನಿನಗೆ ಕೊಟ್ಟರಾ ಎಂದು ಕೇಳಿದೆ. ಇಲ್ಲ ಎಂದಳು. ನಾವು ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು.

ಅದೇ ವಾರ ಅವಳನ್ನು ತೆಗೆದುಹಾಕಿದರು. ತರಬೇತಿಯ ಕೆಲಸ ಗಡಿಯಾರಕ್ಕೆ ಹೋಯಿತು. ಕಂಪನಿ ಹೊಸ ನಿಯಮ ತಂದಿತು, ಹೊರಡುವ ಮುಂಚೆ ಯಾರಿಗೂ ಏನೂ ಕೊಡುವ ಹಾಗಿಲ್ಲ. ನನಗೆ ಒಳಗೊಳಗೇ ಒಂದು ಸಮಾಧಾನವಾಗಿತ್ತು ಎಂದೇ ಇಟ್ಟುಕೊಳ್ಳಿ, ಇನ್ನು ಯಾರಿಗೂ ಈ ಗತಿ ಬರುವುದಿಲ್ಲವಲ್ಲ ಎಂದು. ಎರಡು ತಿಂಗಳೂ ನಿಲ್ಲಲಿಲ್ಲ. ಅಗಲ ಸೀಟಿನವರು ಬೇರೆ ಕಂಪನಿಯಲ್ಲಿ ಹೋಗುತ್ತೇವೆ ಎಂದು ಗದ್ದಲ ಮಾಡಿದರು. ನಿಯಮ ಮತ್ತೆ ಹಳೆಯ ಜಾಗಕ್ಕೇ ಬಂದು ಕೂತಿತು. ಸಮಯವಿದ್ದರೆ ಕೊಡುವುದು.

ಅಕ್ಕ ಆಮೇಲೆ ಎರಡು ಮೂರು ಕಡೆ ಕೆಲಸ ಕೇಳಿದಳು. ಹೋಟೆಲಿನ ಸ್ವಾಗತದ ಮೇಜು, ಆಸ್ಪತ್ರೆಯ ಸ್ವಾಗತದ ಮೇಜು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುತ್ತಾರೆ, ಇವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಸುಳ್ಳು ಹೇಳು ಎಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ. ಕೊನೆಗೆ ನನ್ನ ಅಂಗಡಿಯಲ್ಲಿ ಗುಂಡಿ ಹಾಕುವುದು, ದಾರ ಕತ್ತರಿಸುವುದು ಮಾಡಿಕೊಂಡು ಕೂತಳು. ಅವಳ ಕಂಪನಿಯ ಹುಡುಗಿಯರು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವರೂ ಬರುವುದು ಕಡಿಮೆ ಮಾಡಿದರು. ಅಮ್ಮ ಎದುರು ಮನೆಯವರ ಕಡೆಯ ಕಿಟಕಿ ಮುಚ್ಚಿಸಿದಳು, ಗಾಳಿ ಜಾಸ್ತಿ ಎಂದು.

ಗಿಣಿ ಮಾತ್ರ ಬರುತ್ತಿದ್ದಳು. ಮೊನ್ನೆ ಸ್ಕರ್ಟಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಲು ಬಂದಳು. ಕನ್ನಡಿಯ ಮುಂದೆ ಅವಳನ್ನು ನಿಲ್ಲಿಸಿ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ನಾನು ಅವಳ ಕಾಲ ಬಳಿ ಕೂತಿದ್ದೆ. ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಗೂ ಇರುವ ತರಬೇತಿ ಮುಗಿಸಿಕೊಂಡು ಬರುತ್ತಿದ್ದೇನೆ ಎಂದಳು. ಅಂದದ್ದೇ ತಡ, ಒಳಗಿದ್ದ ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ಪಾಠ ಅವಳೇ ಮಾಡಿದ್ಲಾ?"

"ಹೂಂ ಅಕ್ಕ. ಗಡಿಯಾರ ಮೇಡಮ್ಮೇ."

"ಚೆನ್ನಾಗಿ ಮಾಡಿದ್ಲಾ?"

"ಮಾಡಿದ್ರು." ಗಿಣಿ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ ಕಣ್ಣು ತಪ್ಪಿಸಿದಳು. ಹೇಳಲೋ ಬೇಡವೋ ಎಂದು ತಡವರಿಸಿ, ಆಮೇಲೆ ಹೇಳಿಯೇಬಿಟ್ಟಳು. "ಆವತ್ತಿನ ಫೋಟೋ ತೋರಿಸಿದ್ರು ಅಕ್ಕ. ಜಾರುಬಂಡೆ ಮೆಟ್ಟಿಲ ಮೇಲೆ ಬಿದ್ದಿರೋದು. ನಿಮ್ಮ ಹೆಸರು ಹೇಳಲಿಲ್ಲ. ಒಬ್ಬ ಹಿರಿಯ ಸಿಬ್ಬಂದಿ ಅಂದ್ರು. ಹೊಸ ಹುಡುಗೀರು ಯಾರು ಯಾರು ಅಂತ ಕೇಳಿದ್ರು. ನಾನು ಗೊತ್ತಿಲ್ಲ ಅಂದೆ."

"ಒಳ್ಳೇದು ಮಾಡಿದೆ" ಎಂದಳು ಅಕ್ಕ.

"ಕೊನೇಲಿ ಪರೀಕ್ಷೆ ಇಟ್ಟಿದ್ರು. ಅದರಲ್ಲೂ ಬಂದಿತ್ತು. ಆ ಸಿಬ್ಬಂದಿ ಮಾಡಿದ ಮೊದಲನೇ ತಪ್ಪು ಯಾವುದು, ಅಂತ."

ನನ್ನ ಬಾಯಲ್ಲಿ ಸೂಜಿಗಳಿದ್ದವು, ಇಲ್ಲದಿದ್ದರೆ ಏನೆನ್ನುತ್ತಿದ್ದೆನೋ.

"ನೀನೇನು ಬರೆದೆ?" ಎಂದಳು ಅಕ್ಕ.

ಗಿಣಿ ಬಗ್ಗಿ ಸ್ಕರ್ಟಿನ ಅಂಚು ನೋಡಿಕೊಂಡಳು.

"ಏನು ಬರೆದೆ ಹೇಳೇ. ನಾನೇನು ಬೈಯಲ್ಲ."

"ಪಾಸಾಗದಿದ್ರೆ ಹಾರೋಕೆ ಬಿಡಲ್ಲ ಅಕ್ಕ." ಅವಳು ಕನ್ನಡಿಗೆ ಬೆನ್ನು ಮಾಡಿ ಅಕ್ಕನ ಕಡೆ ತಿರುಗಿದಳು. "ಪ್ರಯಾಣಿಕರಿಗೆ ಕುಡಿಯೋಕೆ ಕೊಟ್ಟಿದ್ದು, ಅಂತ ಬರೆದೆ."

"ಪೂರ್ತಿ ಮಾರ್ಕ್ಸ್ ಕೊಟ್ಲಾ?"

"ಕೊಟ್ರು."

ಅಕ್ಕ ಆ ಸ್ಕರ್ಟಿನ ಅಂಚನ್ನೇ ನೋಡುತ್ತಿದ್ದಳು. ನಾನು ಅವಳ ಬಾಯಿಂದ ಒಂದೇ ಒಂದು ಕೆಟ್ಟ ಮಾತು ಬರಲಿ ಎಂದು ಕಾಯುತ್ತಿದ್ದೆ. ಗಡಿಯಾರವನ್ನು ಬೈಯಲಿ, ಕಂಪನಿಯನ್ನು ಬೈಯಲಿ, ಈ ಹುಡುಗಿಯ ಕೆನ್ನೆಗೊಂದು ಬಿಡಲಿ, ಬೇಕಾದರೆ ಇವಳನ್ನು ನಾನೇ ಹಿಡಿದುಕೊಳ್ಳುತ್ತೇನೆ.

"ಅವಳ ಜಾಗದಲ್ಲಿ ನಾನಿದ್ದಿದ್ರೂ ಪೂರ್ತಿ ಮಾರ್ಕ್ಸೇ ಕೊಡ್ತಿದ್ದೆ" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಎಡಗಡೆ ಒಂಚೂರು ಮೇಲೆ ಹೋಗಿದೆ ನೋಡು" ಎಂದು ಹೇಳಿ ಒಳಗೆ ಹೋದಳು.

ಗಿಣಿ ಅಳುತ್ತಿದ್ದಳು. ನಾನು ಸಮಾಧಾನ ಮಾಡಲಿಲ್ಲ. ಎಡಗಡೆಯ ಸೂಜಿಗಳನ್ನೆಲ್ಲ ತೆಗೆದು ಮತ್ತೆ ಚುಚ್ಚಿದೆ.